ಅಮ್ಮನ ಅಡುಗೆಮನೆಯ ಕಂದು ಟೈಲ್ಸು

ಅಮ್ಮ ಕೈ ಸುಟ್ಟುಕೊಂಡ ವಿಷಯ ನನಗೆ ಗೊತ್ತಾಗಿದ್ದು ಮೂರು ದಿನ ಕಳೆದ ಮೇಲೆ, ಅದೂ ವಿಡಿಯೋ ಕಾಲ್‌ನಲ್ಲಿ. ಎಡಗೈಯಲ್ಲಿ ಫೋನ್ ಹಿಡಿದು, ಬಲಗೈಯನ್ನ ಸೆರಗಿನೊಳಗೆ ಮುಚ್ಚಿಟ್ಟುಕೊಂಡು ಮಾತಾಡ್ತಿದ್ದಳು. ಅಮ್ಮ ಯಾವತ್ತೂ ಎಡಗೈಯಲ್ಲಿ ಫೋನ್ ಹಿಡಿಯೋಳಲ್ಲ. ಕೇಳಿದ್ದಕ್ಕೆ, "ಏನಿಲ್ಲ ಕಣೋ, ಸಾರಿನ ಪಾತ್ರೆ ಜಾರಿತು" ಅಂದಳು.

ಜಾರಿದ್ದಲ್ಲ. ಪಕ್ಕದ ಮನೆ ಆಂಟಿ ಆಮೇಲೆ ಫೋನ್ ಮಾಡಿ ಹೇಳಿದರು. ಒಲೆಯಿಂದ ಇಳಿಸಿದ ಪಾತ್ರೆಯನ್ನ ಕಟ್ಟೆಯ ಮೇಲೆ ಇಡ್ತಿದ್ದೀನಿ ಅಂದ್ಕೊಂಡು ಅಮ್ಮ ಅಂಚಿನಿಂದ ಆಚೆಗೆ ಇಟ್ಟಿದ್ದಳು. ಕಪ್ಪು ಗ್ರಾನೈಟ್ ಕಟ್ಟೆ ಎಲ್ಲಿ ಮುಗಿಯುತ್ತೆ ಅನ್ನೋದೇ ಅವಳಿಗೆ ಕಂಡಿರಲಿಲ್ಲ.

ಅಮ್ಮನಿಗೆ 64. ಎರಡೂ ಕಣ್ಣಿಗೆ ಪೊರೆ ಬಂದಿದೆ ಅಂತ ಡಾಕ್ಟರು ಹಿಂದಿನ ವರ್ಷವೇ ಹೇಳಿದ್ದರು. "ಇನ್ನೂ ಮಾಗಿಲ್ಲ, ಮಾಗಲಿ ತಡಿ" ಅಂತ ಅಮ್ಮ ಮುಂದೂಡ್ತಾ ಬಂದಿದ್ದಳು, ಪೊರೆ ಅಂದ್ರೆ ಅಟ್ಟದ ಮೇಲಿಟ್ಟ ಬಾಳೆಗೊನೆ ಅನ್ನೋ ಥರ. ನಾನು ಬೆಂಗಳೂರಲ್ಲಿ, ಅಕ್ಕ ಪುಣೆಯಲ್ಲಿ. ಹಾಸನದ ಮನೆಯಲ್ಲಿ ಅಮ್ಮ ಒಬ್ಬಳೇ. ಅಪ್ಪ ತೀರಿಕೊಂಡು ನಾಲ್ಕು ವರ್ಷ ಆಗಿತ್ತು.

ಆ ಶನಿವಾರ ಊರಿಗೆ ಹೋದೆ. ಹೋದವನೇ ಅಡುಗೆಮನೆ ಬಾಗಿಲಲ್ಲಿ ನಿಂತು ನೋಡಿದೆ. ಬಹುಶಃ ಜೀವನದಲ್ಲಿ ಮೊದಲ ಸಲ ಆ ಕೋಣೆಯನ್ನ ನೋಡಿದ್ದು ಅಂತಾನೇ ಹೇಳಬೇಕು. ಅಷ್ಟು ವರ್ಷ ಅಲ್ಲಿಗೆ ಹೋಗ್ತಿದ್ದಿದ್ದು ತಿನ್ನೋಕೆ, ಇಲ್ಲಾ ನೀರು ಕುಡಿಯೋಕೆ.

1998ರಲ್ಲಿ ಕಟ್ಟಿಸಿದ ಮನೆ ನಮ್ಮದು. ಅಪ್ಪ ಹೈಸ್ಕೂಲು ಮೇಷ್ಟ್ರು, ಸಾಲ ಮಾಡಿ ಕಟ್ಟಿಸಿದ್ದರು. ಅಡುಗೆಮನೆಗೆ ಪೂರ್ವದ ಕಡೆ ಒಂದೇ ಕಿಟಕಿ. ಪಕ್ಕದ ಸೈಟಿನಲ್ಲಿ ಮೂರಂತಸ್ತಿನ ಮನೆ ಎದ್ದ ಮೇಲೆ ಆ ಕಿಟಕಿಯಿಂದ ಕಾಣೋದು ಅವರ ಗೋಡೆ ಮಾತ್ರ. ಕಟ್ಟೆಯಿಂದ ಮೇಲೆ ನಾಲ್ಕಡಿ ಎತ್ತರದವರೆಗೆ 8-12 ಇಂಚಿನ ಟೈಲ್ಸ್. ಕಾಫಿ ಡಿಕಾಕ್ಷನ್ ಬಣ್ಣದ್ದು, ಮಿರಮಿರ ಹೊಳೆಯೋದು. ಮಧ್ಯದಲ್ಲಿ ಒಂದು ಸಾಲು ಹಣ್ಣಿನ ಬುಟ್ಟಿ: ದ್ರಾಕ್ಷಿ, ಅನಾನಸ್, ಒಂದು ಸೇಬು. ತೊಂಬತ್ತರ ದಶಕದ ಮನೆಯಲ್ಲಿ ಬೆಳೆದವರಿಗೆ ಆ ಬುಟ್ಟಿಯ ಪರಿಚಯ ಬೇರೆ ಮಾಡಿಕೊಡಬೇಕಿಲ್ಲ. ಕೆಳಗೆ ಕಪ್ಪು ಗ್ರಾನೈಟ್, ಅದರ ಕೆಳಗೆ ಕಡುಗೆಂಪು ನೆಲ. ಮಧ್ಯಾಹ್ನ ಹನ್ನೆರಡಕ್ಕೂ ಲೈಟ್ ಹಾಕಬೇಕು.

ಮೊದಲು ಮಾಡಿದ್ದು ಎಲ್ಲರೂ ಮಾಡೋ ಕೆಲಸ. ಅಂಗಡಿಗೆ ಹೋಗಿ ದೊಡ್ಡ ಎಲ್‌ಇಡಿ ಬಲ್ಬ್ ತಂದು ಹಾಕಿದೆ. ಅಮ್ಮ ಕಣ್ಣು ಕಿರಿದು ಮಾಡಿಕೊಂಡು, "ಇದು ಇನ್ನೂ ಕಷ್ಟ ಕಣೋ" ಅಂದಳು. ನಿಂತು ನೋಡಿದಾಗ ಕಾರಣ ಅರ್ಥ ಆಯಿತು. ಲೈಟು ಇರೋದು ಅವಳ ಬೆನ್ನ ಹಿಂದೆ. ಕಟ್ಟೆ ಮೇಲೆ ಬೀಳೋದು ಅವಳದೇ ನೆರಳು. ಎದುರಿನ ಟೈಲ್ಸ್ ಬೆಳಕನ್ನೆಲ್ಲ ನುಂಗಿಕೊಂಡು, ಬಲ್ಬಿನ ಒಂದು ಚೂಪಾದ ಚುಕ್ಕೆಯನ್ನ ಮಾತ್ರ ವಾಪಸ್ ಕಣ್ಣಿಗೆ ಎಸೆಯುತ್ತೆ. ಪೊರೆ ಬಂದ ಕಣ್ಣಿಗೆ ಅಂಥ ಚುಕ್ಕೆ ಒಡೆದು ಹರಡಿಕೊಂಡು ಕಾಣುತ್ತಂತೆ. ರಾತ್ರಿ ಎದುರಿನ ಬಸ್ಸಿನ ಹೆಡ್‌ಲೈಟ್ ನಮಗೆ ಕಾಣೋ ಹಾಗೆ.

ಅಂದ್ರೆ ಬೇಕಾಗಿದ್ದು ದೊಡ್ಡ ಬಲ್ಬ್ ಅಲ್ಲ, ಬೆಳಕನ್ನ ಹಂಚೋ ಗೋಡೆ.

ಸರಿ, ಟೈಲ್ಸ್ ತೆಗೆಸಿ ಹೊಸದು ಹಾಕಿಸೋಣ ಅಂತ ಕಂಟ್ರ್ಯಾಕ್ಟರ್ ಒಬ್ಬರನ್ನ ಕರೆಸಿದೆ. ಒಡೆಯೋದು, ಗಾರೆ, ಹೊಸ ಟೈಲ್ಸ್, ಸಿಂಕ್ ಪೈಪು ಎಲ್ಲ ಸೇರಿ ₹85,000. ಮೂರರಿಂದ ನಾಲ್ಕು ವಾರ. ಅವರು ಹೋದ ಮೇಲೆ ಅಮ್ಮ ಒಂದೇ ಮಾತು ಹೇಳಿದಳು: "ಒಡೆಯೋದು ಬೇಡ."

"ಯಾಕಮ್ಮಾ?"

"ಬೇಡ ಅಂದ್ನಲ್ಲ."

ನಾನು ಅದಕ್ಕೆ ನನ್ನದೇ ಅರ್ಥ ಕೊಟ್ಟುಕೊಂಡೆ. ಅಪ್ಪ ಓಡಾಡಿ, ಆರಿಸಿ ತಂದ ಟೈಲ್ಸ್. ಅವರ ನೆನಪು. ಅದನ್ನ ಸುತ್ತಿಗೆಯಲ್ಲಿ ಒಡೆಯೋದನ್ನ ಅಮ್ಮ ಹೇಗೆ ನೋಡ್ತಾಳೆ? ಗಂಟಲು ಕಟ್ಟಿತು. ಅಕ್ಕನಿಗೂ ಹಾಗೇ ಮೆಸೇಜ್ ಹಾಕಿದೆ. ಅವಳು ಅಳೋ ಎಮೋಜಿ ಕಳಿಸಿದಳು.

ಬೆಂಗಳೂರಿಗೆ ವಾಪಸ್ ಬರೋವಾಗ ರೈಲಲ್ಲಿ ರೀಲ್ಸ್ ನೋಡ್ತಾ ಕೂತಿದ್ದೆ. ಯಾವುದೋ ದೇಶದ ಹುಡುಗಿ ಹಳೇ ಟೈಲ್ಸ್ ಮೇಲೆ ರೋಲರ್‌ನಲ್ಲಿ ಬಣ್ಣ ಎಳೀತಿದ್ದಾಳೆ. ಮೂವತ್ತು ಸೆಕೆಂಡಿನಲ್ಲಿ ಅಡುಗೆಮನೆ ಹೊಸದಾಗಿಹೋಯಿತು! ಒಡೆಯೋ ಹಾಗಿಲ್ಲ, ಧೂಳಿಲ್ಲ, ಅಪ್ಪನ ಟೈಲ್ಸೂ ಒಳಗೆ ಹಾಗೇ ಇರುತ್ತೆ. ಇದೇ ದಾರಿ ಅಂದ್ಕೊಂಡೆ.

ಅಮ್ಮನಿಗೆ ಹೇಳಿದಾಗ, "ಸುಣ್ಣ ಬಳಿದ ಹಾಗೆ ತಾನೇ? ಬಳಿ" ಅಂದಳು.

ಸುಣ್ಣ ಬಳಿದ ಹಾಗೆ ಅಲ್ಲ ಅಂತ ನನಗೆ ತಿಳಿಯೋಕೆ ಎರಡು ವಾರ ಬೇಕಾಯಿತು. ಮುಂದಿನ ಸಲ ಊರಿಗೆ ಹೋದಾಗ ಗೇಟಿಗೆ ಬಳಿದು ಉಳಿದಿದ್ದ ಎನಾಮಲ್ ಪೇಂಟ್ ಸ್ಟೋರ್ ರೂಮಲ್ಲಿ ಸಿಕ್ಕಿತು. ಸಿಂಕಿನ ಪಕ್ಕದ ನಾಲ್ಕು ಟೈಲ್ಸ್ ಒದ್ದೆ ಬಟ್ಟೆಯಲ್ಲಿ ಒರೆಸಿ, ಬಣ್ಣ ಬಳಿದು, ಫೋಟೋ ತೆಗೆದು ಅಕ್ಕನಿಗೆ ಕಳಿಸಿ, ಬೆಂಗಳೂರಿಗೆ ಹೊರಟೆ. ಎರಡು ವಾರ ಬಿಟ್ಟು ಬಂದು ನೋಡಿದ್ರೆ ಅಂಚು ಮೇಲೆ ಎದ್ದಿತ್ತು. ಉಗುರಿನಲ್ಲಿ ಮೆಲ್ಲಗೆ ಎಳೆದೆ. ಹಂಚಿನಿಂದ ನೀರುದೋಸೆ ಎದ್ದ ಹಾಗೆ ಇಡೀ ಹಾಳೆ ಕೈಗೆ ಬಂತು. ಕೆಳಗೆ ಕಂದು ಟೈಲ್ಸು ಏನೂ ಆಗೇ ಇಲ್ಲ ಅನ್ನೋ ಥರ ಹೊಳೀತಿತ್ತು.

ಊರಲ್ಲಿ ನಮ್ಮ ಮನೆಗೆ ಮೊದಲಿಂದ ಪೇಂಟ್ ಮಾಡೋ ಮೇಸ್ತ್ರಿಯನ್ನ ಕರೆದು ತೋರಿಸಿದೆ. ಅವರು ಆ ದೋಸೆಯನ್ನ ಎರಡು ಬೆರಳಲ್ಲಿ ಹಿಡಿದು ನೋಡಿ, "ಗಾಜಿನ ಮೇಲೆ ಬಳಿದ್ರೆ ಇನ್ನೇನಾಗುತ್ತೆ ಸಾರ್?" ಅಂದರು.

ಗಾಜು ಅನ್ನೋದು ಉಪಮೆ ಅಲ್ಲ, ನಿಜ. ಟೈಲ್ಸ್ ಮೇಲಿನ ಹೊಳಪು ಅಂದ್ರೆ ತೆಳ್ಳಗಿನ ಗಾಜಿನ ಪದರ. ಸಾವಿರ ಡಿಗ್ರಿಯ ಆಸುಪಾಸಿನ ಬಿಸಿಯಲ್ಲಿ ಮಣ್ಣಿನ ಮೇಲೆ ಕರಗಿಸಿ ಕೂರಿಸಿರೋದು. ನೀರು, ಎಣ್ಣೆ, ಅರಿಶಿನ ಯಾವುದೂ ಒಳಗೆ ಇಳಿಯಬಾರದು ಅಂತಾನೇ ಮಾಡಿರೋದು. ಅಂಥದ್ದಕ್ಕೆ ಬಣ್ಣ ಹೇಗೆ ಇಳಿಯುತ್ತೆ?

ಸುಣ್ಣದ ಕಥೆಯೇ ಬೇರೆ. ಅಜ್ಜಿ ಮನೆಯಲ್ಲಿ ಯುಗಾದಿಗೆ ಮುಂಚೆ ಸುಣ್ಣ ಬಳಿಯೋದನ್ನ ನಾನೂ ನೋಡಿದ್ದೀನಿ. ಸುಟ್ಟ ಸುಣ್ಣದ ಕಲ್ಲಿಗೆ ನೀರು ಹಾಕಿದ್ರೆ ಕೊತಕೊತ ಕುದಿಯೋದು. ಮಕ್ಕಳನ್ನ ಹತ್ತಿರ ಸೇರಿಸ್ತಿರಲಿಲ್ಲ. ಆರಿದ ಮೇಲೆ ಬಟ್ಟೆಯಲ್ಲಿ ಸೋಸಿ, ಬಿಳಿ ಎದ್ದು ಕಾಣಲಿ ಅಂತ ಬಟ್ಟೆಗೆ ಹಾಕೋ ನೀಲಿಯನ್ನ ಒಂದು ಚಿಟಿಕೆ ಬೆರೆಸೋರು. ಆ ಸುಣ್ಣ ಗೋಡೆಯ ಒಳಕ್ಕೆ ಇಳಿಯುತ್ತೆ, ಗಾಳಿಯಲ್ಲಿರೋ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ನಿಧಾನವಾಗಿ ಮತ್ತೆ ಕಲ್ಲೇ ಆಗುತ್ತೆ. ಗೋಡೆ, ಸುಣ್ಣ ಎರಡೂ ಒಂದಕ್ಕೊಂದು ಬೆರೆತುಹೋಗುತ್ತೆ. ಟೈಲ್ಸು ಹಾಗೆ ಯಾರನ್ನೂ ಒಳಗೆ ಬಿಟ್ಟುಕೊಳ್ಳಲ್ಲ.

ಮೇಸ್ತ್ರಿ ಹೇಳಿದ್ದು ಮೂರು ಮಾತು. ಒಂದು, ಜಿಡ್ಡು ಪೂರ್ತಿ ಹೋಗಬೇಕು. ಎರಡು, ಹೊಳಪು ಸಾಯೋವರೆಗೆ ಉಜ್ಜಬೇಕು, ಬಣ್ಣಕ್ಕೆ ಹಿಡ್ಕೊಳ್ಳೋಕೆ ಗೀರುಗಳಾದ್ರೂ ಬೇಕಲ್ಲ. ಮೂರು, ಟೈಲ್ಸಿಗೆ ಅಂಟೋ ಪ್ರೈಮರೇ ಬೇರೆ, ಬಣ್ಣವೇ ಬೇರೆ. ಎರಡು ಡಬ್ಬದಲ್ಲಿ ಬರೋ ಎಪಾಕ್ಸಿ ತರಿಸಿ, ಎನಾಮಲ್ ಗೇಟಿಗೇ ಇರಲಿ ಅಂದರು. "ಮಳೆ ಮುಗೀಲಿ, ದಸರಾಗೆ ಮಾಡೋಣ" ಅಂತಲೂ ಸೇರಿಸಿದರು. ಹಾಸನದ ಆಗಸ್ಟ್ ಗೊತ್ತಲ್ಲ, ಒಗೆದ ಕರವಸ್ತ್ರವೂ ಒಣಗಲ್ಲ.

ಅಷ್ಟರಲ್ಲಿ ಅಕ್ಕ ಬಂದು ಅಮ್ಮನನ್ನ ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಪೊರೆ ಮಾಗೋವರೆಗೆ ಕಾಯೋ ಕಾಲ ಹೋಯಿತು, ಈಗಲೇ ಮಾಡಿಸಿಬಿಡಿ ಅಂದರು ಡಾಕ್ಟರು. ನವೆಂಬರ್ ಎರಡನೇ ವಾರಕ್ಕೆ ಒಂದು ಕಣ್ಣಿನ ಆಪರೇಷನ್ ಅಂತ ನಿಕ್ಕಿ ಆಯಿತು. ಆಮೇಲೆ ಕೆಲವು ವಾರ ಧೂಳು, ಹೊಗೆ ಹತ್ತಿರವೂ ಸುಳಿಯೋ ಹಾಗಿಲ್ಲ. ಹಾಗಾಗಿ ದಸರಾ ರಜೆ ತಪ್ಪಿದ್ರೆ ಬೇರೆ ದಾರಿ ಇರಲಿಲ್ಲ. ಅಲ್ಲಿವರೆಗೆ ಅಂತ ಕಟ್ಟೆಯ ಅಂಚಿಗೆ ಉದ್ದಕ್ಕೂ ಬಿಳಿ ಟೇಪ್ ಅಂಟಿಸಿದೆ. ಹತ್ತು ನಿಮಿಷದ ಕೆಲಸ. ಮೊದಲೇ ಯಾಕೆ ಹೊಳೀಲಿಲ್ಲ ಅಂತ ಇವತ್ತಿಗೂ ಬೇಜಾರಾಗುತ್ತೆ.

ಬಣ್ಣ ಆರ್ಡರ್ ಮಾಡಿದ್ದು ನಾನೇ. ಬೆಂಗಳೂರಿನ ರೂಮಲ್ಲಿ ರಾತ್ರಿ ಹನ್ನೊಂದೂವರೆಗೆ ಕೂತು, ನೂರಾರು ಫೋಟೋ ನೋಡಿ, ಸೇಜ್ ಗ್ರೀನ್. ಆ ವರ್ಷ ಎಲ್ಲ ರೀಲ್ಸಲ್ಲೂ ಅದೇ. ಹಣ್ಣಿನ ಬುಟ್ಟಿಯ ಆರು ಟೈಲ್ಸನ್ನ ಮಾತ್ರ ಬಳಿಯದೆ ಹಾಗೇ ಬಿಡೋದು, ಅಪ್ಪನ ನೆನಪಿಗೆ ಅನ್ನೋದೂ ನನ್ನದೇ ಪ್ಲಾನ್. ಸುತ್ತ ತೆಳು ಹಸಿರು, ಮಧ್ಯದಲ್ಲಿ ಹಳೇ ಬುಟ್ಟಿ. ಕಣ್ಣಿಗೆ ಕಟ್ಟಿದ ಹಾಗಿತ್ತು. ಅಕ್ಕನಿಗೆ ಕಳಿಸಿದೆ.

ಅವಳಿಂದ ಬಂದಿದ್ದು ಒಂದೇ ಸಾಲು: "ಅಮ್ಮನ್ನ ಕೇಳಿದ್ಯಾ?"

ಕೇಳಿರಲಿಲ್ಲ. ಅಮ್ಮನಿಗೆ ಇದರಲ್ಲಿ ಏನು ಹೇಳೋದಿರುತ್ತೆ, ನೋಡಿ ಖುಷಿಪಡ್ತಾಳೆ ಅಂದ್ಕೊಂಡಿದ್ದೆ. ಕಲರ್ ಬೆರೆಸಿದ ಪೇಂಟ್ ವಾಪಸ್ ತಗೊಳ್ಳಲ್ಲ ಅಂತ ಬಿಲ್ಲಲ್ಲೇ ಬರೆದಿತ್ತು.

ಆಯುಧಪೂಜೆಯ ರಜೆಗೆ ನಾಲ್ಕು ದಿನ ಸೇರಿಸಿಕೊಂಡು ಊರಿಗೆ ಬಂದೆ. ಮೊದಲ ದಿನ ಖಾಲಿ ಮಾಡೋದು. ಡಬ್ಬಗಳು, ಮಸಾಲೆ ಬಟ್ಟಲು, ಮಿಕ್ಸಿ, ದೇವರ ಪಟ ಎಲ್ಲ ಹಾಲ್‌ಗೆ. ಗ್ಯಾಸ್ ಸಿಲಿಂಡರ್ ಬಂದ್ ಮಾಡಿ ಹೊರಗೆ ಹಿತ್ತಲಿಗೆ, ಯಾಕಂದ್ರೆ ಪೇಂಟಿನ ಆವಿಗೆ ಬೆಂಕಿ ಹತ್ತೋ ಅಪಾಯ ಇರುತ್ತೆ. ಅಡುಗೆ ಅಂತ ಹಾಲ್‌ನಲ್ಲಿ ಒಂದು ಇಂಡಕ್ಷನ್ ಸ್ಟೌವ್. ಅಮ್ಮ ಅದರ ಮುಂದೆ ಮಣೆ ಹಾಕಿಕೊಂಡು ಕೂತು, "ಇದರಲ್ಲಿ ರೊಟ್ಟಿ ಸುಡೋದು ಹೇಗೋ" ಅಂತ ಗೊಣಗ್ತಿದ್ದಳು.

ಮೇಸ್ತ್ರಿ ಒಂದು ನಾಣ್ಯ ತಗೊಂಡು ಒಂದೊಂದೇ ಟೈಲ್ಸ್ ತಟ್ಟಿ ನೋಡಿದರು. ಗಟ್ಟಿಯಾಗಿ ಕೂತಿರೋದು ಟಣ್ ಅನ್ನುತ್ತೆ, ಹಿಂದೆ ಪೊಳ್ಳಾಗಿರೋದು ಡಬ್ ಅನ್ನುತ್ತೆ. ಸಿಂಕಿನ ಹತ್ತಿರ ಎರಡು ಡಬ್ ಅಂದವು. ಅಂಥವುಗಳ ಮೇಲೆ ಯಾವ ಬಣ್ಣ ಬಳಿದ್ರೂ ದಂಡ. ಅವೆರಡನ್ನ ಬಿಡಿಸಿ ಹೊಸದಾಗಿ ಕೂರಿಸಿದರು. ಸಿಂಕಿನ ಅಂಚಿನ ಹಳೇ ಸಿಲಿಕಾನನ್ನೂ ಬ್ಲೇಡಿನಲ್ಲಿ ಕೆರೆದು ತೆಗೆದರು, ಅದರ ಮೇಲೆ ಬಣ್ಣ ನಿಲ್ಲೋದೇ ಇಲ್ಲವಂತೆ. ಜಿಡ್ಡು ತೆಗೆಯೋ ಕೆಲಸ ನಿಮ್ಮದು ಅಂತ ಹೇಳಿ ಅವರು ಹೊರಟರು.

ಬಕೆಟಿನಲ್ಲಿ ಬಿಸಿನೀರು, ವಾಷಿಂಗ್ ಸೋಡಾ, ಕೈಗೆ ಗ್ಲೌಸ್. ಒಂದು ಗಂಟೆಯಲ್ಲಿ ಮುಗಿಸಿಬಿಡ್ತೀನಿ ಅಂತ ಶುರು ಮಾಡಿದೆ. ಟೈಲ್ಸ್ ಮೇಲೆ ಕಣ್ಣಿಗೆ ಏನೂ ಕಾಣ್ತಿರಲಿಲ್ಲ, ಮೊದಲೇ ಕಂದು ಬಣ್ಣ. ಆದ್ರೆ ಸ್ಕ್ರಬ್ಬರ್ ಹಿಂಡಿದಾಗಲೆಲ್ಲ ಬರ್ತಿದ್ದ ನೀರು ನೋಡಬೇಕಿತ್ತು. ಒಲೆಯ ಹಿಂದಿನ ಭಾಗದಲ್ಲಿ ಒಗ್ಗರಣೆಯ ಎಣ್ಣೆ ಅಂಟು ಅಂಟಾಗಿ ಕೂತಿತ್ತು, ಟೈಲ್ಸಿನ ಮಧ್ಯದ ಗೆರೆಗಳಲ್ಲಂತೂ ಕೇಳಬೇಡಿ. ಸೋಡಾ ನೀರು, ಆಮೇಲೆ ಬರೀ ನೀರು, ಒರೆಸೋದು, ಬೆರಳಲ್ಲಿ ಮುಟ್ಟಿ ನೋಡೋದು, ಇನ್ನೂ ಜಾರುತ್ತೆ ಅನ್ನಿಸಿದ್ರೆ ಮತ್ತೆ ಸೋಡಾ. ಸಂಜೆ ಆದ್ರೂ ಅರ್ಧ ಗೋಡೆ ಬಾಕಿ. ಭುಜ ಬಿದ್ದುಹೋಗಿತ್ತು.

ಅಮ್ಮ ಬಾಗಿಲಿಗೆ ಒರಗಿಕೊಂಡು ನಿಂತಿದ್ದಳು. ನಾನು ಹಣ್ಣಿನ ಬುಟ್ಟಿಯ ಟೈಲ್ಸ್ ಸುತ್ತ ಮಾಸ್ಕಿಂಗ್ ಟೇಪ್ ಅಂಟಿಸ್ತಿದ್ದೆ.

"ಅದಕ್ಕೆ ಯಾಕೋ ಟೇಪು?"

"ಅದೊಂದು ಹಾಗೇ ಇರಲಿ ಅಂತ. ಅಪ್ಪ ಇಷ್ಟಪಟ್ಟು ತಂದಿದ್ದಲ್ವಾ."

ಅಮ್ಮ ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ. ಆಮೇಲೆ, "ನಿಮ್ಮಪ್ಪ ಇಷ್ಟಪಟ್ಟಿದ್ದು. ಉಜ್ಜಿದ್ದು ನಾನು" ಅಂದಳು.

ನಗ್ತಾ ಹೇಳಿದ್ದಾ, ಸಿಟ್ಟಲ್ಲಿ ಹೇಳಿದ್ದಾ ಗೊತ್ತಾಗಲಿಲ್ಲ. ಸ್ಕ್ರಬ್ಬರ್ ಕೆಳಗಿಟ್ಟು ನೆಲದ ಮೇಲೆ ಕೂತೆ. ಅಮ್ಮನೂ ಹೊಸ್ತಿಲ ಮೇಲೆ ಕೂತಳು.

ಮನೆ ಕಟ್ಟಿಸುವಾಗ ಅಮ್ಮ ಕೇಳಿದ್ದು ಒಂದೇ ಒಂದಂತೆ. ಅಡುಗೆಮನೆಗೆ ಬಿಳಿ ಟೈಲ್ಸ್. ಅಜ್ಜಿ ಮನೆಯ ಅಡುಗೆಮನೆ ಬಿಳಿ ಸುಣ್ಣದ್ದು, ಒಲೆಯ ಹೊಗೆಗೆ ಕಪ್ಪಾದ್ರೂ ವರ್ಷಕ್ಕೊಮ್ಮೆ ಬಳಿದ್ರೆ ಫಳಫಳ ಅಂತಿತ್ತು. ಹಾಗೇ ಇರಲಿ ಅಂತ ಅವಳ ಆಸೆ. ಅಪ್ಪ "ಆಯ್ತು" ಅಂದಿದ್ದರು. ಒಂದು ಮಧ್ಯಾಹ್ನ ಗಾರೆ ಮೇಸ್ತ್ರಿ ಜೊತೆ ಅಂಗಡಿಗೆ ಹೋದವರು, ಟೆಂಪೋದಲ್ಲಿ ಈ ಕಂದು ಟೈಲ್ಸ್ ಹಾಕಿಸಿಕೊಂಡು ಬಂದರು. ಉಳಿದ ಸ್ಟಾಕು, ರೇಟಿನಲ್ಲಿ ಬಿಟ್ಟಿದ್ದರು. ಜೊತೆಗೆ ಒಂದು ಕಾರಣವೂ ಇತ್ತು: "ಇದರಲ್ಲಿ ಕೊಳೆ ಕಾಣಲ್ಲ."

"ಕೊಳೆ ಕಾಣಲ್ಲ ಅಂದ್ರೆ ಕೊಳೆ ಇಲ್ಲ ಅಂತಾನಾ?" ಅಂದಳು ಅಮ್ಮ. "ಬಿಳಿ ಆಗಿದ್ರೆ ಎಲ್ಲಿದೆಯೋ ಅಲ್ಲಿ ಒರೆಸಿದ್ರೆ ಆಗೋದು. ಇದರಲ್ಲಿ ಕಾಣಲ್ವಲ್ಲ, ಹಬ್ಬ ಬಂತು ಅಂದ್ರೆ ಇಡೀ ಗೋಡೆ ಉಜ್ಜಬೇಕಿತ್ತು. ಈಗ ನೀನು ಮಾಡ್ತಿದ್ದೀಯಲ್ಲ, ಹಾಗೆ ಮುಟ್ಟಿ ಮುಟ್ಟಿ."

"ಅಪ್ಪನಿಗೆ ಹೇಳಲಿಲ್ವಾ?"

"ಸಾಲ ಮಾಡಿ ಮನೆ ಕಟ್ಟಿಸ್ತಿದ್ದ ಮನುಷ್ಯ. ಏನಂತ ಹೇಳೋದು? ಒಳ್ಳೆಯವರು ಕಣೋ ನಿಮ್ಮಪ್ಪ. ಕೇಳ್ತಿರಲಿಲ್ಲ, ಅಷ್ಟೇ."

"ಮತ್ತೆ ಒಡೆಯೋದು ಬೇಡ ಅಂದೆ?"

"ಒಂದು ತಿಂಗಳು ಆ ಧೂಳಲ್ಲಿ ಯಾರು ಇರ್ತಾರೆ? ನಿನಗೆ ಬೇರೆ ಕಾರಿನ ಕಂತು ಕಟ್ಟೋದಿದೆ. ಎಂಬತ್ತೈದು ಸಾವಿರ ಅಂದ್ರೆ ಏನು ಸುಮ್ನೇನಾ?"

ಅಷ್ಟೇ. ನೆನಪೂ ಇಲ್ಲ, ಗಂಟಲು ಕಟ್ಟೋ ಮಾತೂ ಇಲ್ಲ. ಅದೆಲ್ಲ ನಾನೇ ಹೊಲಿದುಕೊಂಡ ಕಥೆ. ಅಮ್ಮನಿಗೆ ಅಪ್ಪನನ್ನ ನೆನೆಸಿಕೊಳ್ಳೋಕೆ ಟೈಲ್ಸ್ ಬೇಕಾಗಿರಲಿಲ್ಲ.

ಆಮೇಲೆ ನಾನು ಕೇಳಲೇಬೇಕಾದ ಪ್ರಶ್ನೆ ಕೇಳಿದೆ. "ಅಮ್ಮಾ, ಬಣ್ಣ ಯಾವುದು ಹಾಕಲಿ?"

ಹಾಲ್‌ನ ಮೂಲೆಯಲ್ಲಿ ಸೇಜ್ ಗ್ರೀನ್ ಡಬ್ಬ ಸೀಲ್ ಕೂಡ ಒಡೆಯದೆ ಕೂತಿತ್ತು. ಅಮ್ಮ ಅದರ ಕಡೆ ನೋಡಿದಳು. ಅವಳಿಗೆ ಮೊದಲೇ ಗೊತ್ತಿತ್ತು. ಮುಚ್ಚಳದ ಮೇಲಿನ ಹಸಿರು ಚುಕ್ಕೆಯನ್ನ ಆಗಲೇ ನೋಡಿಯಾಗಿತ್ತು. ಇಷ್ಟು ಹೊತ್ತೂ ಬಾಯಿ ಬಿಟ್ಟಿರಲಿಲ್ಲ. 1998ರಲ್ಲಿ ಟೆಂಪೋ ಬಂದು ನಿಂತಾಗಲೂ ಹೀಗೇ ಸುಮ್ಮನಿದ್ದಿರಬೇಕು ಅನ್ನಿಸಿ ನಾಚಿಕೆಯಾಯಿತು.

"ಬಿಳಿ" ಅಂದಳು. "ತೀರಾ ಹೊಳೆಯೋದು ಬೇಡ, ಕಣ್ಣಿಗೆ ಚುಚ್ಚುತ್ತೆ."

ಮಾಸ್ಕಿಂಗ್ ಟೇಪ್ ಕಿತ್ತು ಬಿಸಾಕಿದೆ. ಬೆಳಿಗ್ಗೆ ಅಂಗಡಿ ತೆರೆಯೋ ಹೊತ್ತಿಗೆ ಮೇಸ್ತ್ರಿ ಜೊತೆ ಹೋಗಿ, ಹೊಳಪು ಕಡಿಮೆ ಇರೋ ಬಿಳಿ ತಂದೆ. ಪ್ರೈಮರ್, ರೋಲರ್, ಎಮರಿ ಪೇಪರ್, ಮಾಸ್ಕ್, ಹೊಸ ಬಿಳಿ ಡಬ್ಬ ಎಲ್ಲ ಸೇರಿ ₹7,400 ಆಯಿತು. ಹಸಿರಿನ ದುಡ್ಡು ಬೇರೆ, ಅದು ನನ್ನ ಬುದ್ಧಿಯ ಫೀಸು. ಆ ಹಸಿರನ್ನ ಹಿಂದಿನ ವಾಶ್ ಬೇಸಿನ್ ಗೋಡೆಗೆ ಬಳಿದು ಕೈ ಪಳಗಿಸಿಕೊಂಡೆ. ಚೆನ್ನಾಗೇ ಇದೆ, ಮುಖ ತೊಳೆಯೋವಾಗಲೆಲ್ಲ ನೆನಪಾಗುತ್ತೆ.

ಮುಂದಿನ ಕೆಲಸ ಹೀಗೆ ನಡೀತು. 220 ನಂಬರಿನ ಎಮರಿ ಪೇಪರನ್ನ ನೀರಲ್ಲಿ ಅದ್ದಿ ಇಡೀ ಗೋಡೆ ಉಜ್ಜಿದೆವು. ಒದ್ದೆ ಮಾಡಿ ಉಜ್ಜಿದ್ರೆ ಧೂಳು ಏಳಲ್ಲ. ಕನ್ನಡಿ ಥರ ಇದ್ದ ಟೈಲ್ಸು ಮಂಕಾಗಿ, ಸ್ಲೇಟಿನ ಥರ ಆಗಬೇಕು. ಅಲ್ಲಲ್ಲಿ ಹೊಳಪು ಉಳಿದಿದ್ರೆ ಮುಂದೆ ಬಣ್ಣ ಬಿಡೋದು ಅಲ್ಲಿಂದಲೇ. ಆಮೇಲೆ ತೊಳೆದು, ಒಂದು ರಾತ್ರಿ ಫ್ಯಾನ್ ಹಾಕಿ ಒಣಗಿಸಿದೆವು. ಬೆಳಿಗ್ಗೆ ಪ್ರೈಮರ್ ಒಂದು ಕೋಟು. ಮರುದಿನ ಬಣ್ಣ.

ಎಪಾಕ್ಸಿಯಲ್ಲಿ ಎರಡು ಡಬ್ಬ ಇರುತ್ತೆ, ಒಂದು ಬಣ್ಣ, ಇನ್ನೊಂದು ಹಾರ್ಡನರ್. ಬೆರೆಸಿದ ಕ್ಷಣದಿಂದ ಅದು ಒಳಗೊಳಗೇ ಗಟ್ಟಿಯಾಗ್ತಾ ಹೋಗುತ್ತೆ. ಡಬ್ಬದ ಮೇಲೆ ಬರೆದ ಅಳತೆಯಲ್ಲೇ ಬೆರೆಸಬೇಕು, ಅವತ್ತಿಗೆ ಬೇಕಾದಷ್ಟೇ ಬೆರೆಸಬೇಕು. ಉಳಿದದ್ದನ್ನ ನಾಳೆಗೆ ಅಂತ ಮುಚ್ಚಿಟ್ಟರೆ ನಾಳೆ ಅದು ಕಲ್ಲು. ವಾಸನೆ ಜೋರು. ಕಿಟಕಿ, ಬಾಗಿಲು ತೆಗೆದಿಟ್ಟು, ಮಾಸ್ಕ್ ಹಾಕಿಕೊಂಡು ಮಾಡಿದೆವು. ಅಮ್ಮನನ್ನ ಆ ಎರಡು ದಿನ ಪಕ್ಕದ ಮನೆ ಆಂಟಿ ಕರೆದುಕೊಂಡು ಹೋಗಿದ್ದರು. ಮೊದಲ ಕೋಟಿಗೆ ಕಂದು ಬಣ್ಣ ಹಾಲು ಕಮ್ಮಿ ಹಾಕಿದ ಕಾಫಿ ಥರ ಕಾಣ್ತಿತ್ತು. ಹಣ್ಣಿನ ಬುಟ್ಟಿಗಳು ಒಳಗಿಂದ ಇಣುಕ್ತಿದ್ದವು. ಮರುದಿನದ ಎರಡನೇ ಕೋಟಿಗೆ ಅನಾನಸ್ ಹೋಯಿತು, ದ್ರಾಕ್ಷಿ ಹೋಯಿತು. ಕೊನೆಗೆ ಸೇಬೂ ಹೋಯಿತು. ಅದು ಹೋಗುವಾಗ ನನಗೆ ಸ್ವಲ್ಪ ಕಷ್ಟವಾಯಿತು, ಸುಳ್ಳು ಯಾಕೆ ಹೇಳಲಿ.

ಒಣಗೋದು ಬೇರೆ, ಗಟ್ಟಿಯಾಗೋದು ಬೇರೆ ಅಂತ ಮೇಸ್ತ್ರಿ ಎಚ್ಚರಿಸಿದ್ದರು. ಮುಟ್ಟಿದ್ರೆ ಕೈಗೆ ಅಂಟಲ್ಲ ಅಂತ ಒಲೆ ಹಚ್ಚಿಬಿಡಬಾರದು. ಏಳು ದಿನ ನೀರು, ಎಣ್ಣೆ ಯಾವುದೂ ಬೀಳಬಾರದು. ನಾನು ಇನ್ನೂ ಎರಡು ದಿನ ಊರಿಂದಲೇ ಆಫೀಸ್ ಕೆಲಸ ಮಾಡಿದೆ. ಆಮೇಲೆ ಐದು ದಿನ ಅಮ್ಮ ಇಂಡಕ್ಷನ್ ಸ್ಟೌವ್ ಜೊತೆ ಸಂಸಾರ ಮಾಡಿದಳು. ಕೊನೆಗೆ ರೊಟ್ಟಿಯೂ ಬಂತಂತೆ.

ಎಂಟನೇ ದಿನ ಮೇಸ್ತ್ರಿ ಬಂದು, ಕಾಣದ ಮೂಲೆಯಲ್ಲಿ ಬ್ಲೇಡಿನಿಂದ ಚೌಕ ಚೌಕವಾಗಿ ಗೀರಿ, ಮೇಲೆ ಟೇಪ್ ಅಂಟಿಸಿ ಎಳೆದರಂತೆ. ಚೂರೂ ಬರಲಿಲ್ಲ ಅಂತ ಅಮ್ಮ ಫೋನಲ್ಲಿ ಹೇಳಿದಳು. ಪರೀಕ್ಷೆ ಪಾಸಾದ ಮಗನ ಸುದ್ದಿ ಹೇಳೋ ಹಾಗಿತ್ತು ದನಿ.

ನಿಮ್ಮ ಮನೆಯಲ್ಲೂ ಮಾಡಬೇಕು ಅನ್ನಿಸಿದ್ರೆ ನನಗೆ ತಿಳಿದದ್ದು ಇಷ್ಟು ಹೇಳ್ತೀನಿ. ಗೋಡೆಗೆ ಸರಿ, ದಿನಾ ಓಡಾಡೋ ನೆಲಕ್ಕೂ ಶವರ್ ನೀರು ಬೀಳೋ ಜಾಗಕ್ಕೂ ಎರಡು ಸಲ ಯೋಚನೆ ಮಾಡಿ. ಟೈಲ್ಸ್ ಹಿಂದೆ ತೇವ ಇದ್ರೆ ಮೊದಲು ಸೋರಿಕೆ ನಿಲ್ಲಿಸಿ. ನೇರ ಬಿಸಿಲು ಬೀಳೋ ಕಡೆ ಬಿಳಿ ಎಪಾಕ್ಸಿ ಕ್ರಮೇಣ ಹಳದಿಗೆ ತಿರುಗುತ್ತೆ. ನಮ್ಮ ಕಿಟಕಿಗೆ ಬಿಸಿಲೇ ಇಲ್ಲದ್ದು ಅದೊಂದು ವಿಷಯದಲ್ಲಿ ಲಾಭವಾಯಿತು. ಬಾಡಿಗೆ ಮನೆಯಾದ್ರೆ ಓನರ್ ಒಪ್ಪಿಗೆ ಬರವಣಿಗೆಯಲ್ಲಿ ತಗೊಳ್ಳಿ, ಬಳಿದ ಮೇಲೆ ವಾಪಸ್ ತೆಗೆಯೋದು ಸುಲಭ ಅಲ್ಲ. ಇದು ಹೊಸ ಟೈಲ್ಸಿಗೆ ಸಮ ಅಂತ ಯಾರಾದ್ರೂ ಹೇಳಿದ್ರೆ ನಂಬಬೇಡಿ. ಕೆಲವು ವರ್ಷಕ್ಕೆ ಮತ್ತೆ ಕೈ ಆಡಿಸಬೇಕಾಗುತ್ತೆ. ನಮ್ಮಲ್ಲೇ ಕುಕ್ಕರ್ ಹಿಡಿ ತಗುಲಿ ಒಲೆಯ ಪಕ್ಕ ಒಂದು ಚಕ್ಕೆ ಎದ್ದಿದೆ, ಒಳಗಿನ ಕಂದು ಕಾಣುತ್ತೆ. ಸರಿ ಮಾಡ್ತೀನಿ ಅಂದ್ರೆ ಅಮ್ಮ, "ಇರಲಿ ಬಿಡೋ, ಕಾಣುತ್ತಲ್ಲ ಸಾಕು" ಅನ್ನುತ್ತಾಳೆ.

ಇಷ್ಟರ ಜೊತೆಗೆ ಇನ್ನೊಂದು. ಬಣ್ಣದ ಡಬ್ಬ ಆರ್ಡರ್ ಮಾಡೋ ಮುಂಚೆ, ಆ ಕೋಣೆಯಲ್ಲಿ ದಿನಕ್ಕೆ ನಾಲ್ಕು ಗಂಟೆ ನಿಲ್ಲೋರು ಯಾರೋ ಅವರನ್ನ ಕೇಳಿ. ಅದಕ್ಕೆ ಎಮರಿ ಪೇಪರೂ ಬೇಡ.

ನವೆಂಬರಿನಲ್ಲಿ ಅಮ್ಮನ ಬಲಗಣ್ಣಿನ ಆಪರೇಷನ್ ಆಯಿತು. ಒಂದು ವಾರ ಅಕ್ಕ ಇದ್ದಳು, ಮುಂದಿನ ವಾರ ನಾನು. ಅಮ್ಮನನ್ನ ಒಲೆ ಹತ್ತಿರ ಬಿಡ್ತಿರಲಿಲ್ಲ, ಹಾಗಾಗಿ ಅಡುಗೆ ನನ್ನದು. ಒಂದು ಬೆಳಿಗ್ಗೆ ನಾನು ಉಪ್ಪಿಟ್ಟಿಗೆ ಒಗ್ಗರಣೆ ಹಾಕ್ತಿದ್ದಾಗ ಕಪ್ಪು ಕನ್ನಡಕ ತೆಗೆದು ಕೈಯಲ್ಲಿ ಹಿಡ್ಕೊಂಡು ಬಾಗಿಲಲ್ಲಿ ಬಂದು ನಿಂತಳು. ಎಡಗಣ್ಣು ಮುಚ್ಚಿ ಬಲಗಣ್ಣಲ್ಲಿ ಗೋಡೆ ನೋಡಿದಳು. ಬಲಗಣ್ಣು ಮುಚ್ಚಿ ಎಡಗಣ್ಣಲ್ಲಿ ನೋಡಿದಳು. ಮತ್ತೆ ಬಲಗಣ್ಣು.

"ಇದಕ್ಕೆ ನೀಲಿ ಹಾಕಿದ್ಯೇನೋ?"

"ಇಲ್ಲಮ್ಮ, ಬರೀ ಬಿಳಿ."

"ಇಲ್ಲ, ನೀಲಿ ಇದೆ. ಹಳೇ ಕಣ್ಣಲ್ಲಿ ಕೆನೆ ಬಣ್ಣ ಕಾಣುತ್ತೆ. ಹೊಸ ಕಣ್ಣಲ್ಲಿ ನೋಡಿದ್ರೆ ನಮ್ಮಮ್ಮ ಸುಣ್ಣಕ್ಕೆ ನೀಲಿ ಹಾಕ್ತಿದ್ಳಲ್ಲ, ಹಾಗಿದೆ."

ಸಂಜೆ ಚೆಕಪ್‌ಗೆ ಹೋದಾಗ ಡಾಕ್ಟರನ್ನ ಕೇಳಿದೆ. ಪೊರೆ ಬಂದ ಮಸೂರ ವರ್ಷ ಕಳೆದ ಹಾಗೆ ಹಳದಿಯಾಗುತ್ತೆ, ನೀಲಿ ಬೆಳಕನ್ನ ತಡೆಯುತ್ತೆ, ಹೊಸ ಮಸೂರ ಹಾಕಿದ ಮೇಲೆ ಆ ನೀಲಿ ಮತ್ತೆ ಕಾಣೋಕೆ ಶುರುವಾಗುತ್ತೆ, ಎಷ್ಟೋ ಜನ ಹೀಗೇ ಹೇಳ್ತಾರೆ ಅಂದರು. ಅಮ್ಮ ಅದನ್ನೆಲ್ಲ ಕೇಳಿಸಿಕೊಂಡು ತಲೆಯಾಡಿಸಿದಳು. ಆಟೋದಲ್ಲಿ ಮನೆಗೆ ಬರುವಾಗ, "ಇನ್ನೊಂದು ಕಣ್ಣು ಯಾವಾಗ ಮಾಡಿಸೋದು?" ಅಂತ ಅವಳೇ ಕೇಳಿದಳು.